ಅಪ್ಪನಿಗೆ ಗೌಜಲದ ಸಾರು ಬೇಕಂತೆ: ಬೆಂಗಳೂರಲ್ಲಿ ಏನು ಸಿಗುತ್ತೆ, ಎಷ್ಟು ಬೀಳುತ್ತೆ?

ಸುಂಕದಕಟ್ಟೆ ಸೀನ

ನಮಸ್ಕಾರ. ಅಡುಗೆ ಪ್ರಶ್ನೆ, ಆದ್ರೆ ಅರ್ಧ ದುಡ್ಡಿನ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 74. ಊರು ಮಾಗಡಿ ಕಡೆ, ಸಾವನದುರ್ಗದ ಬೆಟ್ಟ ಕಾಣೋ ಹಳ್ಳಿ. ದೀಪಾವಳಿ ಹೊತ್ತಲ್ಲಿ ಚಿಕೂನ್‌ಗುನ್ಯ ಬಂದು ಹೋದಮೇಲೆ ಬಾಯಿರುಚಿ ಕೆಟ್ಟು ಹೋಗಿದೆ. ಎರಡು ಮುದ್ದೆ ಇಳಿಸ್ತಿದ್ದೋರು ಅರ್ಧ ಮುದ್ದೆಗೆ ಕೈ ತೊಳೀತಾರೆ. ಮೊನ್ನೆ ತಟ್ಟೆ ಪಕ್ಕಕ್ಕೆ ತಳ್ಳಿ, "ಒಂದ್ ಗೌಜಲದ ಸಾರು ಆಗಿದ್ರೆ ಉಣ್ಣಬೋದಿತ್ತು ಕಣೋ" ಅಂದ್ರು. ಚಿಕ್ಕೋರಿದ್ದಾಗ ರಾಗಿ ಕುಯ್ದ ಹೊಲದಲ್ಲಿ ಆ ಹಕ್ಕಿನ ಉರುಳು ಹಾಕಿ ಹಿಡೀತಿದ್ರಂತೆ. ತಿಂದು ಐವತ್ತು ವರ್ಷ ಆಗಿರಬೇಕು. ನಾನಂತೂ ತಿಂದಿಲ್ಲ, ಊರಿಗೆ ಹೋದಾಗ ಕೂಗು ಕೇಳಿದೀನಿ ಅಷ್ಟೇ.

ನಾನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡೋನು. ಶೆಡ್ಡಲ್ಲಿ ಟೀ ಕುಡೀತಾ ಈ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಪಕ್ಕದ ಮಿಷಿನ್ ಹುಡುಗ ಹತ್ರ ಬಂದು, "ಅಣ್ಣ, ಕನಕಪುರದ ಕಡೆ ನಂಗೊಬ್ಬ ಗೊತ್ತು. ಕಾಡಿಂದೇ. ಜೋಡಿಗೆ 1800. ಬೆಳಿಗ್ಗೆ ಹೇಳಿದ್ರೆ ರಾತ್ರಿಗೆ ಕವರಲ್ಲಿ ಬರುತ್ತೆ" ಅಂದ. ಎರಡು ಹಕ್ಕಿಗೆ 1800! ನಮ್ಮನೇಲಿ ತಿನ್ನೋರು ಐದು ಜನ. ಕಾಡುಹಕ್ಕಿ ಹಿಡಿಯೋದು ತಪ್ಪು ಅಂತ ಗೊತ್ತು, ತಗೊಳ್ಳೋದೂ ತಪ್ಪಾ ಅಂತ ಗೊತ್ತಿಲ್ಲ.

ಅದು ಬೇಡ ಅಂತ ಹೋದ ಭಾನುವಾರ ಶಿವಾಜಿನಗರಕ್ಕೆ ಹೋಗಿ ರಸೆಲ್ ಮಾರ್ಕೆಟ್ ಹತ್ರ ಫಾರಂ ಹಕ್ಕಿ ತಂದೆ. ಅಂಗಡಿಯವರು ಕ್ವೇಲ್ ಅಂದ್ರು, ಪಕ್ಕದಲ್ಲಿ ನಿಂತಿದ್ದ ತಮಿಳಿನೋರು ಕಾಡೆ ಅಂದ್ರು, ಬೋರ್ಡಲ್ಲಿ ಗೌಜಲಹಕ್ಕಿ ಅಂತ ಬರೆದಿತ್ತು. ಒಂದಕ್ಕೆ 75, ಆರಕ್ಕೆ 450. ಮನೇಲಿ ತಕ್ಕಡಿಗೆ ಹಾಕಿದ್ರೆ ಆರೂ ಸೇರಿ 840 ಗ್ರಾಂ. ಕೆಜಿಗೆ ಹತ್ತತ್ರ 535 ಆಯ್ತು. ನಮ್ಮ ಬೀದಿ ಕೊನೇಲಿ ಫಾರಂ ಕೋಳಿ 240.

ಮನೆಯವಳು ಯಾವಾಗಿನ ಹಾಗೆ ಕೋಳಿ ಮಸಾಲೆ ರುಬ್ಬಿ ಕುಕ್ಕರಲ್ಲಿ ಮೂರು ವಿಷಲ್ ಕೂಗಿಸಿದ್ಲು. ಎದೆ ಕಡೆ ಹತ್ತಿ ಅಗಿದಂಗಿತ್ತು, ಕಾಲುಗಳು ಸಾರಲ್ಲಿ ಎಲ್ಲಿ ಹೋದವೋ ಗೊತ್ತಿಲ್ಲ. ಅಪ್ಪ ಒಂದನ್ನ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದೇನ್ಲಾ, ಗುಬ್ಬೀನಾ?" ಅಂದ್ರು. ಮಗಳು ನಕ್ಕಿದ್ದಕ್ಕೆ ನಾನು ಸುಮ್ಮನೆ ಅವಳ ಮೇಲೆ ರೇಗಿದೆ.

ಈಗ ಹೇಳಿ. ಈ ಫಾರಂ ಹಕ್ಕಿ ಮಾಡೋ ಕ್ರಮ ಬೇರೆ ಇದೆಯಾ? ಕಾಡುಹಕ್ಕಿ ರುಚಿಗೆ ಹತ್ತಿರ ಬರೋ ಬೇರೆ ಏನಾದ್ರೂ ಕಾನೂನು ಪ್ರಕಾರ ಸಿಗುತ್ತಾ? ಮಸಾಲೆ ಸಾಮಾನು ಬಿಟ್ಟು 600 ರೂಪಾಯಿ ಒಳಗೆ ಐದು ಜನಕ್ಕೆ ಆಗಬೇಕು. ತಿಂಗಳ ಕೊನೆ.

---

ಲಲಿತಕ್ಕ, ಕೆಂಗೇರಿ ಉಪನಗರ

ಸೀನಪ್ಪ, ನಿನ್ನ ಹೆಂಡತಿದೇನೂ ತಪ್ಪಿಲ್ಲ, ಬೈಬೇಡ. ಆ ಹಕ್ಕಿನ ಕುಕ್ಕರಿಗೆ ಹಾಕಬಾರದು ಅಂತ ಅಂಗಡಿಯೋನು ಹೇಳಬೇಕಿತ್ತು. ಅದು ಐದು ವಾರದ ಮರಿ. ಕೊಬ್ಬಿಲ್ಲ, ಮೂಳೆ ಕಡ್ಡಿ ಥರ. ಮೂರು ವಿಷಲ್‌ಗೆ ಇನ್ನೇನು ಉಳಿಯುತ್ತೆ?

ನಾನು ಮಾಡೋದು ಹೀಗೆ. ಬೆನ್ನಿನ ಉದ್ದಕ್ಕೂ ಕತ್ತರಿ ಆಡಿಸಿ ಸೀಳಿ, ಪುಸ್ತಕ ಬಿಚ್ಚಿದಂಗೆ ಬಿಚ್ಚಿ, ಎದೆ ಮೇಲೆ ಅಂಗೈಯಲ್ಲಿ ಒತ್ತಿದ್ರೆ ಪಟ್ ಅಂತ ಚಪ್ಪಟೆ ಆಗುತ್ತೆ. ಉಪ್ಪು, ಅರಿಶಿನ, ಆಗತಾನೇ ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಅರ್ಧ ನಿಂಬೆಹಣ್ಣು. ಒಂದು ಗಂಟೆ ಸಾಕು. ರಾತ್ರಿಯೆಲ್ಲಾ ನಿಂಬೆಹುಳಿಯಲ್ಲಿ ಇಟ್ರೆ ಮಾಂಸ ಹಿಟ್ಟು ಹಿಟ್ಟಾಗುತ್ತೆ. ಕಬ್ಬಿಣದ ಕಾವಲಿ ಹೊಗೆ ಬರೋವರೆಗೂ ಕಾಯಬೇಕು. ಎರಡು ಚಮಚ ಎಣ್ಣೆ ಬಿಟ್ಟು, ಚರ್ಮದ ಕಡೆ ಕೆಳಗೆ ಮಾಡಿ ಹಾಕಿ, ಮೇಲೊಂದು ತಟ್ಟೆ, ತಟ್ಟೆ ಮೇಲೆ ಕುಟ್ಟಾಣಿ ಕಲ್ಲು. ನಾಲ್ಕೈದು ನಿಮಿಷ. ತಿರುಗಿಸಿ ಇನ್ನೊಂದು ನಾಲ್ಕು ನಿಮಿಷ. ಕರಿಬೇವು ಉದುರಿಸಿ ಇಳಿಸು. ಮೂಳೆ ಸಮೇತ ಕಟುಂ ಕಟುಂ ಅಂತ ತಿನ್ನೋ ಪದಾರ್ಥ ಅದು, ಸಾರಿನದಲ್ಲ. ಚರ್ಮ ಸುಲಿಯೋಕೆ ಬಿಡಬೇಡ. ಅದರಲ್ಲಿರೋ ರುಚಿಯೆಲ್ಲಾ ಚರ್ಮದಲ್ಲೇ ಇರೋದು.

ಸಾರಿಗೆ ಬೇಕಾಗಿರೋದು ವಯಸ್ಸಾದ ಕೋಳಿ. ಒಂದು ವರ್ಷ ಓಡಾಡಿ ಕೆದಕಿ ತಿಂದ ನಾಟಿ ಹುಂಜ ಆದ್ರೆ ನಿಮ್ಮಪ್ಪನ ಮನಸ್ಸಿಗೆ ಹತ್ತಿರ ಬರುತ್ತೆ. ಆದ್ರೆ ಜೀವತೂಕ ಕೆಜಿಗೆ 450 ಅಂತಾರೆ ನಮ್ಮ ಕಡೆ. ಎರಡು ಕೆಜಿ ಹುಂಜ ಅಂದ್ರೆ ಅಲ್ಲೇ 900. ಅದೂ ನಿಜವಾದ ನಾಟಿ ಅನ್ನೋ ನಂಬಿಕೆ ಇಲ್ಲ. ಬಣ್ಣದ ರೆಕ್ಕೆ ಇರೋ ಟೈಸನ್ ಅನ್ನೋ ಫಾರಂ ಕೋಳಿನ ನಾಟಿ ಅಂತ ಕೊಟ್ಟು ಕಳಿಸ್ತಾರೆ, ನಾನೇ ಎರಡು ಸಲ ಮೋಸ ಹೋಗಿದೀನಿ.

ನಿನ್ನ ದುಡ್ಡಿಗೆ ಲೇಯರ್ ಕೋಳಿ ನೋಡು. ಮೊಟ್ಟೆ ಇಟ್ಟು ಇಟ್ಟು ಮುಗಿಸಿರ್ತವಲ್ಲ, ಬಿಳೀದು, ಅದು. ಜನ ಗಟ್ಟಿ ಅಂತ ಮೂಗು ಮುರೀತಾರೆ, ಅದಕ್ಕೇ ಅಗ್ಗ. ಗಟ್ಟಿ ಇರೋದೇ ನಮಗೆ ಬೇಕು. ಅಂಗಡಿಯಲ್ಲಿ ಚರ್ಮ ಸುಲಿಸಬೇಡ. "ಪುಕ್ಕ ಕಿತ್ತು, ಸುಟ್ಟು, ಅರಿಶಿನ ಹಚ್ಚಿ ಕೊಡಿ" ಅಂತ ಕೇಳು. ಗ್ಯಾಸ್ ಗನ್ ಇಟ್ಕೊಂಡಿರ್ತಾರೆ. ಆ ಸೀದ ವಾಸನೆ ಇಲ್ದೆ ಹಳ್ಳಿ ಸಾರು ಆಗಲ್ಲ. ನಮ್ಮತ್ತೆ ಹುಲ್ಲಿನ ಉರಿಯಲ್ಲಿ ಸೀಯಿಸೋರು, ಬೀದಿ ನಾಯಿಗಳೆಲ್ಲಾ ಹಿತ್ತಲಿಗೆ ಬಂದು ಕೂತಿರ್ತಿದ್ವು.

ಇನ್ನೊಂದು. ನಿಮ್ಮಪ್ಪನ್ನ ಕೂರಿಸ್ಕೊಂಡು ಸರಿಯಾಗಿ ಕೇಳು, ಆ ಸಾರಲ್ಲಿ ಗೌಜಲ ಬಿಟ್ಟು ಇನ್ನೇನಿತ್ತು ಅಂತ. ಎರಡು ಹಕ್ಕಿ ಹಾಕಿ ಒಂದು ಮನೆಗೆ ಸಾರು ಮಾಡಿರ್ತಾರೆ ಅಂದ್ರೆ ಅದರಲ್ಲಿ ಬೇರೆ ಏನೋ ಇರಲೇಬೇಕು.

---

ಬಸವೇಶ್ವರನಗರದ ಭಾವಮೈದ

ಜೋಡಿ 1800 ಪಾರ್ಟಿ ಬಗ್ಗೆ ನಾನು ಹೇಳಬೇಕು. ನಮ್ಮ ಭಾವ (ಅಕ್ಕನ ಗಂಡ, ಎಲ್ಲಾ ಗೊತ್ತು ಅನ್ನೋ ಜಾತಿ) ಎರಡು ವರ್ಷದ ಹಿಂದೆ ಇದೇ ಥರ "ಕಾಡಿನ ಮಾಲು" ತರಿಸಿದ್ರು. ನಾಲ್ಕು ಹಕ್ಕಿಗೆ 3000. ಪುಕ್ಕ ಸಮೇತ ಬಂತು, ಕಂದು ಬಣ್ಣ, ಮೈಮೇಲೆ ಗೆರೆ ಗೆರೆ. ಭಾವ ಎಲ್ಲರಿಗೂ ಫೋಟೋ ಕಳಿಸಿ ಮೆರೆದ್ರು. ಸುಲಿದು ತೂಗಿದ್ರೆ ಒಂದೊಂದು 140 ಗ್ರಾಂ. ಕಾಲಲ್ಲಿ ಒಂದು ಸಣ್ಣ ಗಾಯ ಇಲ್ಲ, ಉಗುರು ಮಗು ಉಗುರಿನ ಥರ ನೈಸ್. ಮಣ್ಣೇ ಕೆದಕದ ಹಕ್ಕಿ. ಹೊಟ್ಟೆ ಬಿಚ್ಚಿದ್ರೆ ಫಾರಂ ಫೀಡು. 75 ರೂಪಾಯಿ ಹಕ್ಕಿಗೆ 750 ಕೊಟ್ಟಿದ್ರು.

ಕಂಪ್ಲೇಂಟ್ ಕೊಡೋಕೆ ಎಲ್ಲಿ ಹೋಗ್ತಾರೆ ಹೇಳಿ? "ಸಾರ್, ಕಾಡುಹಕ್ಕಿ ಅಂತ ಹೇಳಿ ಸಾಕಿದ್ದು ಕೊಟ್ರು" ಅಂತ ಅರಣ್ಯ ಇಲಾಖೆಗೆ ಹೋಗೋಕಾಗುತ್ತಾ? ಮಾರೋನ ಧೈರ್ಯ ಇರೋದೇ ಅಲ್ಲಿ. ಅಕ್ಕ ಈಗಲೂ ಜಗಳ ಬಂದಾಗ "ಗೌಜಲ" ಅಂತ ಒಂದು ಮಾತು ಹೇಳ್ತಾಳೆ, ಭಾವ ಎದ್ದು ಹೊರಗೆ ಹೋಗ್ತಾರೆ.

---

ಹೆಬ್ಬಾಳದ ನಿವೃತ್ತ ಪಶುವೈದ್ಯ

ಸೀನ ಅವರೇ, ಮೊದಲು ಕಾನೂನು ಮುಗಿಸಿಬಿಡೋಣ. ಗೌಜಲ, ಕಾಡುಕೋಳಿ, ನವಿಲು, ಬೆಳವ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಕೊಲ್ಲುವುದು, ಮಾರುವುದು ಮಾತ್ರವಲ್ಲ, ಕೊಳ್ಳುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಕವರ್ ನಿಮ್ಮ ಕೈಗೆ ಬಂದ ಕ್ಷಣದಿಂದ ನೀವೂ ಪಾಲುದಾರರು. ಗೌಜಲದ ವಿಷಯದಲ್ಲಿ ಮೂರು ವರ್ಷದವರೆಗೆ ಜೈಲು ಆಗಬಹುದು. 2022ರ ತಿದ್ದುಪಡಿ ಬಂದ ಮೇಲೆ ದಂಡ 25,000ದಿಂದ ಒಂದು ಲಕ್ಷದವರೆಗೆ ಏರಿದೆ. ಪಕ್ಕದ ಮಿಷಿನ್ ಹುಡುಗನಿಗೂ ಇದನ್ನು ಹೇಳಿ, ಅವನು ಮಧ್ಯವರ್ತಿ.

ಇನ್ನು ಹೆಸರಿನ ಗೊಂದಲ. ನಿಮ್ಮ ತಂದೆಯವರ ಗೌಜಲ ಬೇರೆ, ಶಿವಾಜಿನಗರದ ಬೋರ್ಡಿನ ಗೌಜಲ ಬೇರೆ. ರಾಗಿ ಹೊಲದಲ್ಲಿ ಓಡಾಡುವ, ಬೆಳಗಿನ ಜಾವ ಊರಿಗೆಲ್ಲ ಕೇಳುವಂತೆ ಕೂಗುವ ಗೌಜಲ ಇಂಗ್ಲಿಷಿನಲ್ಲಿ ಪಾರ್ಟ್ರಿಜ್ ಅನ್ನುವ ಗುಂಪಿನದು, ಹಿಂದಿಯವರು ತೀತರ್ ಎನ್ನುತ್ತಾರೆ. ಕಾಲು ಕೆಜಿಯಿಂದ 350 ಗ್ರಾಂವರೆಗೆ ತೂಗುತ್ತದೆ. ಅಂಗಡಿಯಲ್ಲಿರುವುದು ಜಪಾನಿ ಕ್ವೇಲ್, ನಮ್ಮ ಹಳೆಯ ಮಾತಿನಲ್ಲಿ ಲಾವಕ್ಕಿ ಅಥವಾ ಲಾವುಗೆ ಅನ್ನಬೇಕು. ಫಾರಂ ಬಂದ ಮೇಲೆ ಎರಡೂ ಒಂದೇ ಬೋರ್ಡಿನ ಕೆಳಗೆ ಸೇರಿಕೊಂಡವು. ತೆಲುಗರ ಹೋಟೆಲಿನಲ್ಲೂ ಇದೇ ಕಥೆ, ಅಲ್ಲಿ ಕೌಜು ಪಿಟ್ಟ ಅಂದರೆ ಬರುವುದು ಇದೇ ಲಾವಕ್ಕಿ. ಹಾಗಾಗಿ ನಿಮ್ಮ ತಂದೆ "ಗುಬ್ಬೀನಾ" ಎಂದದ್ದರಲ್ಲಿ ತಪ್ಪಿಲ್ಲ. ಅವರು ಹೇಳಿದ ಹಕ್ಕಿಗಿಂತ ಅದು ಚಿಕ್ಕದೇ.

ಈ ಜಪಾನಿ ಹಕ್ಕಿ ನಮ್ಮ ದೇಶಕ್ಕೆ ಬಂದದ್ದು 1974ರಲ್ಲಿ, ಕ್ಯಾಲಿಫೋರ್ನಿಯಾದಿಂದ ಉತ್ತರಪ್ರದೇಶದ ಬರೇಲಿ ಪಕ್ಕದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ. ಅಲ್ಲಿಂದ ದೇಶವೆಲ್ಲ ಹರಡಿತು. ಮೊಟ್ಟೆ ಒಡೆಯಲು 17-18 ದಿನ, ಐದು ವಾರಕ್ಕೆ ಮಾಂಸಕ್ಕೆ ಸಿದ್ಧ, ಆರೇಳು ವಾರಕ್ಕೆ ಅದೇ ಮೊಟ್ಟೆ ಇಡುತ್ತದೆ. ಒಂದು ಕೋಳಿ ಇಡುವ ಜಾಗದಲ್ಲಿ ಏಳೆಂಟು ಹಕ್ಕಿ ಸಾಕಬಹುದು. ಇಷ್ಟೆಲ್ಲ ಸುಲಭವಾದ ಹಕ್ಕಿ ಕೆಜಿ ಲೆಕ್ಕದಲ್ಲಿ ಏಕೆ ದುಬಾರಿ ಎಂದರೆ, ಕೂಲಿ. ಎರಡು ಕೆಜಿ ಕೋಳಿ ಒಂದನ್ನು ಕೊಯ್ದು ಶುಚಿ ಮಾಡುವುದಕ್ಕೂ 200 ಗ್ರಾಂ ಹಕ್ಕಿ ಒಂದನ್ನು ಶುಚಿ ಮಾಡುವುದಕ್ಕೂ ಕೈಕೆಲಸ ಹೆಚ್ಚು ಕಡಿಮೆ ಅಷ್ಟೇ. ಹತ್ತು ಹಕ್ಕಿಗೆ ಹತ್ತು ಸಲ ಆ ಕೆಲಸ.

ನಡುವೆ ಒಂದು ಫಜೀತಿಯೂ ಆಯಿತು. ಕಾಡಿನ ಲಾವಕ್ಕಿಯ ಹೆಸರು ಕಾಯಿದೆಯ ಪಟ್ಟಿಯಲ್ಲಿ ಇದ್ದುದರಿಂದ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಫಾರಂ ಹಕ್ಕಿಗೂ ಹೊಸ ಲೈಸೆನ್ಸ್ ಕೊಡಬೇಡಿ ಎಂದುಬಿಟ್ಟಿತು. ಆಗ ಸಾಕಣೆದಾರರು ದಿನಕ್ಕೊಬ್ಬರಂತೆ ನಮ್ಮ ಕಚೇರಿಗೆ ಬಂದು ಕೂರುತ್ತಿದ್ದರು. ಕೆಲವು ವರ್ಷದಲ್ಲಿ ಅದು ಸಡಿಲವಾಯಿತು. ಈಗ ಫಾರಂ ಹಕ್ಕಿ ತಿನ್ನಲು ಅಡ್ಡಿಯಿಲ್ಲ.

ರುಚಿ ವಿಷಯಕ್ಕೆ ಬಂದರೆ ಲಲಿತಕ್ಕನವರ ಮಾತೇ ಸರಿ, ನಾನು ಕಾರಣ ಮಾತ್ರ ಸೇರಿಸುತ್ತೇನೆ. ಗೌಜಲ ಹಾರುವುದಕ್ಕಿಂತ ಓಡುವುದು ಹೆಚ್ಚು. ದುಡಿದ ಸ್ನಾಯು ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ. ವಯಸ್ಸಾದಷ್ಟೂ ಅದರೊಳಗಿನ ನಾರು ಬಲಿಯುತ್ತದೆ. ಆ ನಾರು ನಿಧಾನ ಬೆಂದಾಗ ಕರಗಿ ಸಾರಿಗೆ ಅಂಟು ಕೊಡುತ್ತದೆ. ಐದು ವಾರದ ಮರಿಯಲ್ಲಿ ಅದು ಎಲ್ಲಿಂದ ಬರಬೇಕು? ಲೇಯರ್ ಕೋಳಿ ಓಡಾಡಿಲ್ಲ ನಿಜ, ಆದರೆ 72ರಿಂದ 80 ವಾರ ಬದುಕಿರುತ್ತದೆ. ಅಂಗಡಿಯ ಬ್ರಾಯ್ಲರಿಗೆ ಆರು ವಾರ. ಸಾರಿನ ವಿಷಯದಲ್ಲಿ ವಯಸ್ಸೇ ಬಂಡವಾಳ.

ಇನ್ನೊಂದು ಸಲ ಕೈಯಲ್ಲಿ ದುಡ್ಡಿದ್ದಾಗ ಗಿನಿಕೋಳಿ ಹುಡುಕಿ. ಸಾಕುಹಕ್ಕಿ, ಕಾನೂನಿನ ತೊಡಕಿಲ್ಲ, ಮಾಂಸ ಕಪ್ಪಾಗಿ ಕಾಡುಹಕ್ಕಿಯ ಕಡೆಗೇ ವಾಲುತ್ತದೆ. ತೋಟದ ಮನೆಗಳಲ್ಲಿ ಹಾವಿನ ಕಾವಲಿಗೆ ಅಂತ ಸಾಕಿರುತ್ತಾರೆ, ಗದ್ದಲಕ್ಕೆ ಬೇಸತ್ತು ಮಾರುವವರು ಸಿಗುತ್ತಾರೆ.

ಹಾಗೆಯೇ, ತಂದೆಯವರನ್ನು ಒಂದು ಬೆಳಿಗ್ಗೆ ಹೆಸರಘಟ್ಟದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ. ಗೌಜಲ ಅಲ್ಲಿ ಈಗಲೂ ಇವೆ, ಕೂಗು ಕೇಳುತ್ತದೆ.

---

ಲೀಡ್ಸ್‌ನಲ್ಲಿರೋ ತುಮಕೂರಿನವನು

ಈ ಚರ್ಚೆ ಓದಿ ನಗು ಬಂತು, ಯಾಕಂದ್ರೆ ಇಲ್ಲಿ ಎಲ್ಲಾ ಉಲ್ಟಾ. ಇಂಗ್ಲೆಂಡಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಫೆಸೆಂಟ್ ಅನ್ನೋ ಕೋಳಿ ಜಾತಿ ಹಕ್ಕಿಯ ಬೇಟೆ ಕಾಲ. ಕಟುಕರ ಅಂಗಡೀಲಿ ಪುಕ್ಕ ಸಮೇತ ಜೋಡಿ ಜೋಡಿ ಕಟ್ಟಿ ನೇತು ಹಾಕಿರ್ತಾರೆ. ನಾನು ನವೆಂಬರಲ್ಲಿ ಶುಚಿ ಮಾಡಿದ ಜೋಡಿ 9 ಪೌಂಡಿಗೆ ತಂದೆ. ಅದೇ ಅಂಗಡೀಲಿ ಹೊರಗೆ ಮೇಯ್ದು ಬೆಳೆದ ಒಳ್ಳೇ ಕೋಳಿ ಒಂದಕ್ಕೆ 14 ಪೌಂಡ್. ಕಾಡುಹಕ್ಕಿ ಅಗ್ಗ, ಕೋಳಿ ದುಬಾರಿ!

ಕಾರಣ ಕೇಳಿದ್ರೆ ಡಾಕ್ಟ್ರು ನಗ್ತಾರೆ. ಫೆಸೆಂಟನ್ನ ವರ್ಷಕ್ಕೆ ಕೋಟಿಗಟ್ಟಲೆ ಮರಿ ಮಾಡಿಸಿ, ಸಾಕಿ, ಕಾಡಿಗೆ ಬಿಟ್ಟು, ಆಮೇಲೆ ಹೊಡೀತಾರೆ. ಬಂದೂಕು ಹಿಡಿಯೋ ಮೋಜಿಗೆ ಸಾಹುಕಾರರು ಸಾವಿರಗಟ್ಟಲೆ ಪೌಂಡ್ ಕೊಡ್ತಾರೆ, ಸತ್ತ ಹಕ್ಕಿ ಯಾರಿಗೂ ಬೇಡ. ಅದೇ ಗ್ರೌಸ್ ಅಂತ ಇನ್ನೊಂದಿದೆ, ಆಗಸ್ಟ್ 12ಕ್ಕೆ ಅದರ ಬೇಟೆ ಶುರು. ಅದನ್ನ ಸಾಕೋಕೆ ಆಗಲ್ಲ, ಹೀದರ್ ಗಿಡ ತುಂಬಿದ ಗುಡ್ಡದಲ್ಲಿ ಅದಾಗೇ ಬೆಳೀಬೇಕು. ಅದಕ್ಕೇ ಅದು ಬೆಲೆ. ನಾನು ಒಂದೇ ಸಲ ತಿಂದಿದ್ದು, ಆಫೀಸ್ ದುಡ್ಡಲ್ಲಿ.

ಫೆಸೆಂಟ್ ಹುರಿಯೋಕೆ ಹೋಗಿ ನಾನೂ ಸೀನಣ್ಣನ ಥರಾನೇ ಹತ್ತಿ ಅಗಿದೆ. ಇಲ್ಲಿನವರು ಎದೆ ಮೇಲೆ ಹಂದಿ ಕೊಬ್ಬಿನ ಪಟ್ಟಿ ಹೊದಿಸಿ ಬೇಯಿಸ್ತಾರೆ, ಅಷ್ಟು ಒಣ ಅದು. ಎರಡನೇ ಸಲ ಬುದ್ಧಿ ಬಂತು. ಎದೆ ಬೇರೆ, ಕಾಲು ಬೇರೆ ಮಾಡಿದೆ. ಕಾಲು ಮತ್ತೆ ಬೆನ್ನಿನ ಮೂಳೆ ಅಮ್ಮ ಕಳಿಸಿದ ಸಾರಿನ ಪುಡಿ ಹಾಕಿ ಎರಡು ಗಂಟೆ ಸಣ್ಣ ಉರಿ, ಎದೆ ತುಂಡು ಕೊನೇ ಎಂಟು ನಿಮಿಷ. ಮುದ್ದೆಗೆ ಏನು ಸೊಗಸು ಅಂತೀರಾ! ಒಂದೇ ತೊಂದರೆ ಸೀಸದ ಗುಂಡು. ಹೆಸರುಕಾಳಷ್ಟೂ ಇರಲ್ಲ, ಮಾಂಸದಲ್ಲಿ ಅಡಗಿ ಕೂತಿರುತ್ತೆ. ಮುದ್ದೆ ನುಂಗಿ ಅಭ್ಯಾಸ ಇದ್ದಿದ್ದಕ್ಕೆ ನಾನು ಬಚಾವ್, ಅಗಿಯೋಕೆ ಹೋದ ನನ್ನ ರೂಮ್‌ಮೇಟ್ ಹಲ್ಲಿನ ಚೂರು ಹೋಯ್ತು. ಡೆಂಟಿಸ್ಟ್ ಬಿಲ್ ಸೇರಿಸಿದ್ರೆ ಅಗ್ಗ ಏನಲ್ಲ.

---

ಸುಂಕದಕಟ್ಟೆ ಸೀನ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ನೀವು ಬರೆದಿದ್ದನ್ನ ಪಕ್ಕದ ಮಿಷಿನ್ ಹುಡುಗನಿಗೆ ಹಂಗೇ ಓದಿ ಹೇಳಿದೆ. ಒಂದು ಲಕ್ಷ ಅಂದಾಗ ಟೀ ಲೋಟ ಕೆಳಗಿಟ್ಟ. ನಂಬರ್ ಡಿಲೀಟ್ ಮಾಡಿದೀನಿ ಅಂತಾನೆ, ನೋಡಬೇಕು.

ಲಲಿತಕ್ಕ, ನೀವು ಹೇಳಿದ ಹಾಗೆ ಅಪ್ಪನ್ನ ಕೇಳಿದೆ. ಮೊದಲು "ಗೌಜಲದ ಸಾರು ಅಂದ್ರೆ ಗೌಜಲದ ಸಾರು, ಅದರಲ್ಲೇನು" ಅಂತ ಸಿಡುಕಿದ್ರು. ರಾತ್ರಿ ಮಲಗೋ ಹೊತ್ತಿಗೆ ತಾವೇ ಕೂಗಿ ಕರೆದು ಹೇಳಿದ್ರು. ಮನೇಲಿ ಹನ್ನೊಂದು ಜನ. ಸಿಕ್ತಿದ್ದಿದ್ದು ಒಂದು ಹಕ್ಕಿ, ಹೆಚ್ಚಂದ್ರೆ ಎರಡು. ರಾಗಿ ಕುಯ್ಲು ಆದಮೇಲೆ ಅಂದ್ರೆ ಅವರೆಕಾಯಿ ಕಾಲ ತಾನೇ, ನಮ್ಮಜ್ಜಿ ಒಂದು ಮೊರ ಅವರೆಕಾಳು ಸುರೀತಿದ್ರಂತೆ. ದೊಡ್ಡಪ್ಪಂದಿರಿಗೆ ತುಂಡು, ಮಕ್ಕಳಿಗೆ ಕಾಳು. "ನಂಗೆ ಒಂದು ಕತ್ತು ಬಂದಿತ್ತು ಒಂದ್ಸಲ" ಅಂದ್ರು. ಅಂದ್ರೆ ಇವರು ಐವತ್ತು ವರ್ಷದಿಂದ ನೆನೆಸ್ಕೊಳ್ತಿರೋದು ಅವರೆಕಾಳು ಸಾರನ್ನ!

ಈಗ ಅವರೆ ಇದೆ ಮಾರ್ಕೆಟ್ಟಲ್ಲಿ. ಲೇಯರ್ ಕೋಳಿ ಜೊತೆ ಹಾಕಿದ್ರೆ ಸರಿಹೋಗುತ್ತಾ? ಯಾವುದನ್ನ ಯಾವಾಗ ಹಾಕೋದು?

---

ಲಲಿತಕ್ಕ, ಕೆಂಗೇರಿ ಉಪನಗರ

ನಾನು ಹೇಳಲಿಲ್ವಾ! ಸೊಗಡು ಇರೋ ಅವರೆನೇ ತಗೋ, ಮಾಗಡಿ ಕಡೇದು ಅಂತ ಕೇಳು. ಕಾಯಿ ಹಿಡಿದ ಕೈಗೆ ಜಿಡ್ಡು ಅಂಟಿ ವಾಸನೆ ಬರಬೇಕು. ಸಿಪ್ಪೆ ಬಿಡಿಸಿ ಕವರಲ್ಲಿ ಇಟ್ಟಿರೋದು ಬೇಡ, ಅದರ ಸೊಗಡು ಸತ್ತಿರುತ್ತೆ. ಹಿದುಕಲೂ ಬೇಡ, ಇಡೀ ಕಾಳೇ ಇರಲಿ. ಬಿಡಿಸೋ ಕೆಲಸ ಮಗಳಿಗೆ ಕೊಡು, ನಕ್ಕಿದ್ದಕ್ಕೆ.

ಕೋಳಿನ ದಪ್ಪ ತುಂಡು ಮಾಡ್ಸು. ಎಣ್ಣೇಲಿ ಜಜ್ಜಿದ ಸಾಂಬಾರ್ ಈರುಳ್ಳಿ, ಅರಿಶಿನ, ಉಪ್ಪು, ಕೋಳಿ ಹಾಕಿ ನೀರು ಬಿಟ್ಕೊಂಡು ಇಂಗೋವರೆಗೂ ಹುರಿ. ಇಲ್ಲಿ ಅವಸರ ಮಾಡಿದ್ರೆ ಲೇಯರ್ ಕೋಳಿ ನೀಚು ವಾಸನೆ ಹೊಡೆಯುತ್ತೆ. ಆಮೇಲೆ ಬಿಸಿನೀರು ಹಾಕಿ ಕುಕ್ಕರ್ ಮುಚ್ಚು. ಮೊದಲ ವಿಷಲ್ ಬಂದಮೇಲೆ ಸಣ್ಣ ಉರಿ, ಅರ್ಧ ಗಂಟೆ. ವಿಷಲ್ ಎಣಿಸಬೇಡ, ಗಡಿಯಾರ ನೋಡು.

ಮಸಾಲೆಗೆ ಧನಿಯಾ ನಾಲ್ಕು ಚಮಚ, ಬ್ಯಾಡಗಿ ಹತ್ತು, ಗುಂಟೂರು ಮೂರು, ಮೆಣಸು ಒಂದೂವರೆ ಚಮಚ, ಎರಡು ಲವಂಗ, ಬೆರಳುದ್ದ ಚಕ್ಕೆ, ಒಂದು ಚಮಚ ಗಸಗಸೆ. ಇದಷ್ಟೂ ಬೇರೆ ಬೇರೆ ಹುರಿ. ಕಾಯಿತುರಿ ಅರ್ಧ ಹೋಳು, ಬೆಳ್ಳುಳ್ಳಿ ಒಂದು ಗೆಡ್ಡೆ. ಈರುಳ್ಳಿ ಎರಡು ಮಾತ್ರ ಗ್ಯಾಸ್ ಉರಿ ಮೇಲೆ ಸಿಪ್ಪೆ ಸಮೇತ ಸುಟ್ಟು ಹಾಕು. ಟೊಮ್ಯಾಟೊ ಹಾಕಬೇಡ, ಆ ಕಾಲದಲ್ಲಿ ನಿಮ್ಮಜ್ಜಿ ಹಾಕಿರಲ್ಲ.

ಕುಕ್ಕರ್ ತೆಗೆದು, ಮಸಾಲೆ, ಅವರೆಕಾಳು ಹಾಕಿ, ಮುಚ್ಚದೆ ಕಾಲು ಗಂಟೆ ಕುದಿಸು. ಕಾಳು ಬೆರಳಲ್ಲಿ ಒತ್ತಿದ್ರೆ ಒಡೆಯಬೇಕು, ಕರಗಬಾರದು. ಕೊನೇಲಿ ಒಂದು ತೆಂಗಿನ ಚಿಪ್ಪಿನ ಚೂರು ಗ್ಯಾಸ್ ಮೇಲೆ ಕೆಂಡ ಮಾಡಿ, ಸಣ್ಣ ಬಟ್ಟಲಲ್ಲಿಟ್ಟು ಸಾರಿನ ಮೇಲೆ ತೇಲಿಬಿಡು. ಅದರ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಪಾತ್ರೆ ಮುಚ್ಚು. ಐದು ನಿಮಿಷ. ಸೌದೆ ಒಲೆ ಹೊಗೆ ಫ್ಲಾಟಲ್ಲಿ ಹಿಂಗೇ ತರಿಸಬೇಕು. ಕಿಟಕಿ ತೆಗೆದಿಡು.

---

ಸುಂಕದಕಟ್ಟೆ ಸೀನ

ನಿನ್ನೆ ಭಾನುವಾರ ಆಯ್ತು. ಲೆಕ್ಕ ಮೊದಲು:

ಲೇಯರ್ ಕೋಳಿ 1.4 ಕೆಜಿ, 150ರ ಹಾಗೆ 210. ಅವರೆಕಾಯಿ ಒಂದೂವರೆ ಕೆಜಿ 105. ತೆಂಗಿನಕಾಯಿ 40. ಲಾವಕ್ಕಿ ಎರಡು (ಡಾಕ್ಟ್ರ ಮಾತಿಗೆ ಬೆಲೆ ಕೊಟ್ಟು ಇನ್ಮೇಲೆ ಹೀಗೇ ಕರೀತೀನಿ) 150. ಒಟ್ಟು 505. ಲಾವಕ್ಕಿ ಬೇಕಿರಲಿಲ್ಲ, ಕಾವಲಿ ಮೇಲೆ ಕಲ್ಲಿಟ್ಟು ಮಾಡಿ ನೋಡಬೇಕು ಅಂತ ನನಗೇ ಆಸೆ. ಅದು ಚೆನ್ನಾಗೇ ಆಯ್ತು, ಮಗಳು ಒಂದೂವರೆ ತಿಂದ್ಲು, ಮೂಳೆ ಸಮೇತ.

ಕೋಳಿ ಅಂಗಡಿಯೋನು ಸುಡೋಕೆ 20 ರೂಪಾಯಿ ಜಾಸ್ತಿ ಕೇಳ್ದ, ಕೊಡದೆ ಮನೇಲೇ ಗ್ಯಾಸ್ ಮೇಲೆ ಹಿಡಿದೆ. ಎದುರು ಮನೆ ಅಜ್ಜಿ ಬಾಗಿಲು ತಟ್ಟಿ ಏನೋ ಸೀದೋಗ್ತಿದೆ ನೋಡ್ರಪ್ಪ ಅಂದ್ರು. ಅಪ್ಪ ಒಳಗಿಂದ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು, "ಕತ್ತಿನ ಹತ್ರ ಇನ್ನೂ ಪುಕ್ಕದ ಮೊಳೆ ಇದೆ, ಸರಿಯಾಗಿ ಹಿಡಿ" ಅಂದ್ರು. ಚಿಕೂನ್‌ಗುನ್ಯ ಆದಮೇಲೆ ಅಡುಗೆಮನೆ ಕಡೆ ಬಂದಿದ್ದು ಅದೇ ಮೊದಲು.

ಸಾರು ಗೌಜಲದ ಥರ ಇತ್ತಾ ಅಂತ ಕೇಳಿದ್ರೆ "ಇಲ್ಲ" ಅಂದ್ರು. ಮಸಾಲೆ ಜಾಸ್ತಿ ಆಯ್ತಂತೆ, ಅಜ್ಜಿ ಗಸಗಸೆ ಎಲ್ಲಿ ಹಾಕ್ತಿದ್ಲು ಅಂದ್ರು. ಹೇಳ್ತಾ ಹೇಳ್ತಾ ಒಂದೂವರೆ ಮುದ್ದೆ ಮುಗಿಸಿದ್ರು. ಕಾಳು ಬಡಿಸಿಕೊಂಡ್ರು, ತುಂಡು ಮೊಮ್ಮಗಳ ತಟ್ಟೆಗೆ ದಾಟಿಸಿದ್ರು, ಕತ್ತು ಮಾತ್ರ ಯಾರಿಗೂ ಕೊಡಲಿಲ್ಲ.

ಡಾಕ್ಟ್ರೇ, ಹೆಸರಘಟ್ಟಕ್ಕೆ ಹೋಗೋಣ ಅಂತ ಕರೆದೆ. "ಗೌಜಲ ಕೂಗೋದು ಕೇಳೋಕೆ ಪೆಟ್ರೋಲ್ ಸುಡ್ತೀಯಾ? ಊರಿಗೆ ಕರ್ಕೊಂಡೋಗು, ಪುಕ್ಕಟೆ ಕೂಗುತ್ತೆ" ಅಂತಾರೆ. ಸಂಬಳ ಆದಮೇಲೆ ನೋಡೋಣ.

---

ಲಲಿತಕ್ಕ, ಕೆಂಗೇರಿ ಉಪನಗರ

ಗಸಗಸೆ ಬಿಟ್ಟು ಎರಡು ಚಮಚ ಹುರಿಗಡಲೆ ಹಾಕಿ ನೋಡು ಮುಂದಿನ ಸಲ. ಮಿಕ್ಕಿದ ಸಾರು ಇವತ್ತು ಬೆಳಿಗ್ಗೆ ಇಡ್ಲಿಗೆ ಹಾಕ್ಕೊಂಡ್ರಾ, ಇಲ್ಲ ಚೆಲ್ಲಿದ್ರಾ?